ಚಾಮಯ್ಯನ ಗ್ಲಾಸು

ಚಿಕ್ಕಯ್ಯನಛತ್ರದ ಚಾಮಯ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಒಂದು ಗ್ಲಾಸು ಏರಿಸುತ್ತಾನೆ ಎಂದು ಈ ಬರಹಗಾರನೂ ಬಹಳ ಕಾಲ ನಂಬಿದ್ದ. ನಂಬದೆ ಏನು ಮಾಡುವುದು? ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದುದೇ ಅಷ್ಟು. ಸರ್ಕಾರಿ ಕಚೇರಿಯ ಹಿತ್ತಲು, ಮುಳ್ಳುತಂತಿಯ ಪುಟ್ಟ ಬೇಲಿ, ಅದರೊಳಗೆ ಕುಕ್ಕರುಗಾಲಲ್ಲಿ ಕೂತ ಖಾಕಿ ಷರ್ಟಿನ ಬಡಕಲು ಮನುಷ್ಯ, ಪಕ್ಕದಲ್ಲಿ ಬಾಟಲಿ. ಬಾಟಲಿಯಿಂದ ಗ್ಲಾಸಿಗೆ ಬಗ್ಗಿಸುತ್ತಿದ್ದ. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಭಕ್ತಿಯಿಂದ ನೋಡುತ್ತಿದ್ದ. ಅಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿಬಿಡುತ್ತಿತ್ತು. ಅವನು ಕುಡಿದದ್ದನ್ನು ಕಂಡವರು ಯಾರೂ ಇಲ್ಲ. ಆದರೆ ಬಗ್ಗಿಸಿಕೊಂಡವನು ಕುಡಿಯದೆ ಇರುತ್ತಾನೆಯೇ? "ಕುಡೀತಾನೆ ನಿಜ, ಆದ್ರೆ ಅಳ್ತೆ ಮೀರಲ್ಲ ಕಣ್ರೀ" ಎಂದು ಪಕ್ಕದ ಸೀಟಿನವರು ಒಮ್ಮೆ ಮೆಚ್ಚಿಕೊಂಡದ್ದೂ ಉಂಟು.

ಬಾಟಲಿಯಲ್ಲಿ ಇದ್ದದ್ದು ಮಳೆ ನೀರು. ಚಾಮಯ್ಯ ಆ ಹೋಬಳಿಯ ಮಳೆ ಅಳೆಯುವವನು. ಕುಡಿಯುವುದಿರಲಿ, ಹೋಟೆಲಿನ ಕಾಫಿಯನ್ನೂ ಮುಟ್ಟದ ಆಸಾಮಿ.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಬೇಲಿಯೊಳಗೆ ನೆಲದಲ್ಲಿ ಹುಗಿದ ಒಂದು ಡಬ್ಬ, ಅದರ ಬಾಯಿಗೆ ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಇಷ್ಟಕ್ಕೆ ಗೇಜು ಎಂದು ಹೆಸರು. ಇಪ್ಪತ್ತನಾಲ್ಕು ಗಂಟೆಯಲ್ಲಿ ಬಿದ್ದ ಮಳೆ ಬಾಟಲಿಗೆ ಇಳಿದಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆದು, ನೀರನ್ನು ಗೀಟು ಹಾಕಿದ ಅಳತೆ ಗ್ಲಾಸಿಗೆ ಬಗ್ಗಿಸಿ, ಎಷ್ಟು ಮಿಲಿಮೀಟರ್ ಎಂದು ನೋಡಿ, ರಿಜಿಸ್ಟರಿಗೆ ಬರೆಯಬೇಕು. ಮಳೆ ಬರದಿದ್ದರೂ ಹೋಗಬೇಕು, ಬೀಗ ತೆಗೆಯಬೇಕು, ಖಾಲಿ ಬಾಟಲಿಯನ್ನು ಗ್ಲಾಸಿಗೆ ಬಗ್ಗಿಸಬೇಕು, ಆ ಖಾಲಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ 'ಸೊನ್ನೆ' ಎಂದು ಬರೆಯಬೇಕು. ನಮ್ಮ ಸೀಮೆಯಲ್ಲಿ ವರ್ಷದ ಮುಕ್ಕಾಲು ಪಾಲು ದಿನ ಮಳೆ ಬರುವುದಿಲ್ಲ. ಅಂದಮೇಲೆ ಮೂವತ್ತೊಂದು ವರ್ಷದ ನೌಕರಿಯಲ್ಲಿ ಚಾಮಯ್ಯ ಮುಕ್ಕಾಲು ಪಾಲು ಅಳೆದದ್ದು ಏನೂ ಇಲ್ಲದ್ದನ್ನೇ.

ಕಚೇರಿಯ ಎದುರಿಗೆ ಟೀ ಅಂಗಡಿ ಇಟ್ಟಿರುವ ಮಹಾದೇವಸ್ವಾಮಿಗೆ ಇದು ದಿನದ ತಮಾಷೆ. ಅಂಗಡಿ ಅವನ ಹೊಟ್ಟೆಪಾಡು ಅಷ್ಟೇ. ತಾನು ಪತ್ರಕರ್ತ ಎಂಬುದು ಅವನ ಅಭಿಪ್ರಾಯ. 'ನಮ್ಮ ಹೋಬಳಿ ಸುದ್ದಿ' ಎಂಬ ವಾಟ್ಸಾಪ್ ಗುಂಪಿಗೆ ಅವನೇ ಸ್ಥಾಪಕ, ಸಂಪಾದಕ, ಮುಖ್ಯ ವರದಿಗಾರ. ಯಾರಾದರೂ ಎದುರು ಮಾತಾಡಿದರೆ ಗುಂಪಿನಿಂದ ತೆಗೆದುಹಾಕುವವನೂ ಅವನೇ.

"ಏನ್ಲಾ ಚಾಮಯ್ಯ, ಇವತ್ತು ಬಿಸ್ಲು ಎಷ್ಟು ಲೀಟ್ರು ಬಿತ್ತು?"

"ನಿನ್ ಟೀಲಿ ಆಲು ಬಿದ್ದಷ್ಟು."

"ಪಂಚಾಯ್ತಿ ಮಾಳಿಗೆ ಮೇಲೆ ಮಿಷನ್ ಕೂರ್ಸವ್ರೆ. ಕಾಲು ಗಂಟೆಗೊಂದ್ಸಲ ತಾನೇ ಅಳ್ದು ತಾನೇ ಬೆಂಗ್ಳೂರ್ಗೆ ಕಳಿಸ್ತದೆ. ನಿನ್ನ ಗ್ಲಾಸು ಯಾರ್ ನೋಡಾರು?"

"ನಾ ನೋಡ್ತೀನಲ್ಲ" ಎಂದು ಚಾಮಯ್ಯ ಬೇಲಿಗೆ ಬೀಗ ಹಾಕಿ ಜಗ್ಗಿ ನೋಡುತ್ತಿದ್ದ.

ಮಿಷನ್ ಬಂದದ್ದು ನಿಜ. ತಿಂಗಳ ಕೊನೆಯಲ್ಲಿ ಚಾಮಯ್ಯ ಕೊಡುವ ಹಾಳೆಯನ್ನು ಯಾರಾದರೂ ಓದುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ, ಮುಂದುವರಿಸು ಎಂದೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಅವನು ಇರುವುದೇ ಮರೆತುಹೋಗಿತ್ತೇನೋ.

ಮರೆಯದೆ ಇದ್ದವಳು ಮಗಳು ಮಧುಶ್ರೀ.

ಮಧುಶ್ರೀಗೆ ಅಪ್ಪನ ಮೇಲೆ ಮೊದಲು ಹುಟ್ಟಿದ್ದು ಅಭಿಮಾನವಲ್ಲ, ಸಿಟ್ಟು. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವ ಶಿವನಂಜಮ್ಮ ಕಾಮಾಲೆಯಾಗಿ ತೀರಿಕೊಂಡಳು. ಬೆಳಗಿನ ಜಾವ ಐದಕ್ಕೆ ಜೀವ ಹೋಯಿತು, ಹೊರಗೆ ಚಿತ್ತಾ ಮಳೆ ಹೊಯ್ದು ಆಗತಾನೆ ನಿಂತಿತ್ತು. ಅವ್ವನನ್ನು ಜಗುಲಿಯಲ್ಲಿ ಮಲಗಿಸಿ, ತಲೆಯ ಹತ್ತಿರ ದೀಪ ಇಟ್ಟಿದ್ದರು. ಅಪ್ಪ ಕಂಬಕ್ಕೊರಗಿ ಕೂತವನು ಗೋಡೆಯ ಗಡಿಯಾರ ನೋಡಿದ, ಎದ್ದ, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅವಳೂ ಗಡಿಯಾರ ನೋಡಿದಳು. ಎಂಟೂ ಇಪ್ಪತ್ತು. ಕಚೇರಿಗೆ ಹತ್ತು ನಿಮಿಷದ ದಾರಿ.

"ಎಂಡ್ತಿ ಎಣ ಮಡಿಕ್ಕಂಡು ಮಳೆ ಅಳಿಯಕ್ಕೆ ಓದನಲ್ಲಪ್ಪ, ಇವನೂ ಒಬ್ಬ ಗಂಡ್ಸಾ?" ಎಂದು ಅತ್ತೆ ಗುರುಸಿದ್ದಮ್ಮ, ಅಪ್ಪನ ಸ್ವಂತ ಅಕ್ಕ, ಎಲ್ಲರೆದುರಿಗೂ ಅಂದಳು. ಯಾರೂ ಅಲ್ಲಗಳೆಯಲಿಲ್ಲ. ಮಧುಶ್ರೀಯೂ ಮನಸ್ಸಿನೊಳಗೆ ಅದನ್ನೇ ಅಂದುಕೊಂಡಳು. ಎರಡು ವರ್ಷ ಅವಳು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಚಾಮಯ್ಯನೂ ಮಾತಾಡು ಎಂದು ಕೇಳಲಿಲ್ಲ. ಮುದ್ದೆ ಬೇಯಿಸುತ್ತಿದ್ದ, ಜಡೆ ಹೆಣೆಯುತ್ತಿದ್ದ. ಜಡೆ ಮಾತ್ರ ಸದಾ ಎಡಕ್ಕೆ ವಾಲುತ್ತಿತ್ತು.

ಸಿಟ್ಟು ಕರಗಿದ್ದು ಒಂದು ಬೇಸಿಗೆ ರಜೆಯಲ್ಲಿ. ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ಅಪ್ಪನ ಹಿಂದೆ ಹೋದಳು. ಹಿಂದಿನ ಸಂಜೆ ಭರಣಿ ಮಳೆ ಬಿದ್ದಿತ್ತು. ಚಾಮಯ್ಯ ಗ್ಲಾಸನ್ನು ಅವಳ ಕೈಗೆ ಕೊಟ್ಟ.

"ಮೇಲಿಂದ ನೋಡ್ಬ್ಯಾಡ ಕೂಸು, ಕೆಳಗಿಂದ್ಲೂ ಬ್ಯಾಡ. ಕಣ್ಣು ನೀರಿನ ಸಮಕ್ಕೆ ಬರ್ಬೇಕು. ಈಗ ನೋಡು, ನೀರು ಗಾಜಿಗೆ ಅಂಟ್ಕಂಡು ಅಂಚ್ನಲ್ಲಿ ಮೇಲಕ್ಕೆ ಏರ್ತದೆ ಅಲ್ವಾ?"

"ಊಂ."

"ಅದ್ನ ನಂಬ್ಬ್ಯಾಡ. ಅದು ನಮ್ ಮಾದೇಸ್ವಾಮಿ ಇದ್ದಂಗೆ, ಇರಾದ್ಕಿಂತ ಎತ್ರ ತೋರ್ತದೆ. ನಡುವೆ ತಗ್ಗು ಕಾಣ್ತದಲ್ಲ, ಅದು ನಿಜ. ಅದ್ರ ಗೀಟು ಓದು."

"ಏಳು ಪಾಯಿಂಟ್ ಎರಡು."

"ಇನ್ನೊಂದ್ಸಲ ಓದು."

ಮೂರು ಸಲ ಓದಿಸಿದ. ಮೂರು ಸಲವೂ ಏಳು ಪಾಯಿಂಟ್ ಎರಡು. ಆಗ ಅವಳು ಅಪ್ಪನ ಮುಖ ನೋಡಿದಳು. ಊರಲ್ಲಿ ಯಾರ ಎದುರೂ ತಲೆ ಎತ್ತಿ ನಿಲ್ಲದ, ಕಚೇರಿಯಲ್ಲಿ ಎಲ್ಲರೂ 'ಏಯ್' ಎಂದು ಕರೆಯುವ ಆ ಮನುಷ್ಯ, ಬೇಲಿಯೊಳಗೆ ಕೂತಾಗ ಬೇರೆಯವನೇ ಆಗುತ್ತಿದ್ದ. ಬೆರಳು ನಡುಗುತ್ತಿರಲಿಲ್ಲ, ಉಸಿರು ಸಣ್ಣಗಾಗುತ್ತಿತ್ತು. ಒಂದು ತೊಟ್ಟು ಹೊರಗೆ ಚೆಲ್ಲುತ್ತಿರಲಿಲ್ಲ. ಅಳೆದಾದ ಮೇಲೆ ಆ ನೀರನ್ನು ಸುಮ್ಮನೆ ಎರಚದೆ, ಬೇಲಿ ಪಕ್ಕದ ಕಣಗಿಲೆ ಗಿಡದ ಬುಡಕ್ಕೆ ಬಗ್ಗಿ ಹೊಯ್ಯುತ್ತಿದ್ದ. ಅವತ್ತಿನಿಂದ ಅವಳಿಗೂ ಗೀಟಿನ ಹುಚ್ಚು ಹಿಡಿಯಿತು.

ಈಗ ಅವಳಿಗೆ ಮೂವತ್ತು. ತಿ. ನರಸೀಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲೂ ಗಾಜು, ಅಲ್ಲೂ ಗೀಟು. ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ಒಂದು ಬಾಡಿಗೆ ರೂಮು. ಬೆಳಗಾದರೆ ಸೋಸಲೆ ಕಡೆಯ ಬಸ್ಸುಗಳ ಹಾರನ್ ಸದ್ದು, ಸಂಜೆಯಾದರೆ ಕೆಳಗಿನ ಮನೆಯವರ ಟಿ.ವಿ. ಎರಡರ ನಡುವೆ ಅವಳ ಹೆಸರು ಹಿಡಿದು ಕರೆಯುವವರು ಲ್ಯಾಬಿನ ರಿಸೆಪ್ಷನ್ನಿನ ದಿವ್ಯ ಒಬ್ಬಳೇ, ಅದೂ "ಮಧು ಮೇಡಂ, ಸ್ಯಾಂಪಲ್" ಎಂದು. ಒಂದೆರಡು ಸಂಬಂಧಗಳು ಬಂದವು. ಹುಡುಗಿ ಮಾತು ಕಡಿಮೆ, ನೋಟ ಜಾಸ್ತಿ ಎಂದು ಹೋದವು.

ಆದರೆ ದಿನಾ ಎಂಟೂ ಮೂವತ್ತೈದಕ್ಕೆ ಅವಳ ಫೋನು ಹೊಡೆದುಕೊಳ್ಳುತ್ತಿತ್ತು.

"ಅನ್ನೆರ್ಡು ಪಾಯಿಂಟ್ ನಾಕು" ಎನ್ನುತ್ತಿದ್ದ ಚಾಮಯ್ಯ. ಅಷ್ಟೇ, ಕಟ್. ಮಳೆಯಿಲ್ಲದ ದಿನ ಇನ್ನೂ ಚಿಕ್ಕದು. "ಸೊನ್ನೆ." ಕಟ್. ತಿಂಡಿ ಆಯಿತಾ, ಜ್ವರ ವಾಸಿಯಾಯಿತಾ, ಯಾವಾಗ ಬರುತ್ತೀಯ, ಏನೂ ಇಲ್ಲ. ಮಾಘದಿಂದ ಚೈತ್ರದವರೆಗೆ ಅಪ್ಪ ಮಗಳ ನಡುವೆ ನಡೆಯುವ ಒಟ್ಟು ಮಾತುಕತೆ ತೊಂಬತ್ತು ಸೊನ್ನೆ. ಸೊನ್ನೆಗೆ ಏನೆಂದು ಉತ್ತರ ಕೊಡುವುದು? ಅವಳು "ಸರಿ ಅಪ್ಪ" ಎಂದು, ಕಟ್ಟಾದ ಫೋನನ್ನು ಸ್ವಲ್ಪ ಹೊತ್ತು ಕಿವಿಗೇ ಹಿಡಿದುಕೊಂಡಿರುತ್ತಿದ್ದಳು.

ಮೊನ್ನೆ ಆಷಾಢದಲ್ಲಿ ಒಂದು ಬೆಳಿಗ್ಗೆ ಆ ಫೋನಿನಲ್ಲಿ ಏನೋ ತಪ್ಪಿತು.

"ಆರು ಪಾಯಿಂಟ್ ನಾಕೋ... ಆರೋ" ಎಂದ ಚಾಮಯ್ಯ.

ಮಧುಶ್ರೀಯ ಕೈಯಲ್ಲಿದ್ದ ದೋಸೆಯ ತುಂಡು ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಅಪ್ಪನ ಬಾಯಲ್ಲಿ ಅಂಕಿಯ ಜೊತೆ ಒಂದು 'ಓ' ಸೇರಿದ್ದನ್ನು ಅವಳು ಕೇಳಿರಲಿಲ್ಲ. ಬೇರೆಯವರ ಮನೆಯಲ್ಲಿ ಎದೆನೋವು ಎಂದರೆ ಎಷ್ಟು ಗಾಬರಿಯಾಗುತ್ತದೋ ಅಷ್ಟು ಗಾಬರಿಯಾಗಿ, ರಜೆ ಹಾಕಿ ಊರಿಗೆ ಬಂದಳು. ಎರಡು ಕಣ್ಣಲ್ಲೂ ಪೊರೆ. ಬಲಗಣ್ಣಿನದು ಪೂರ್ತಿ ಬಲಿತಿತ್ತು.

"ಎಷ್ಟು ದಿನದಿಂದ ಅಪ್ಪ?"

"ಯುಗಾದಿಯಿಂದ ಗೀಟು ಎರಡೆರಡು ಕಾಣ್ತಾವೆ. ಸೊನ್ನೆಗೇನ್ ತೊಂದ್ರೆ ಇರ್ನಿಲ್ಲ. ಮಳೆ ಸುರುವಾದ್ಮೇಲೆ ಕಷ್ಟ ಆಯ್ತು."

ನಂಜನಗೂಡಿನಲ್ಲಿ ಕಣ್ಣಿನ ಶಿಬಿರ ನಡೆಯುತ್ತಿತ್ತು. ಆರಿಸಿದವರನ್ನು ವ್ಯಾನಿನಲ್ಲಿ ಮೈಸೂರಿಗೆ ಕರೆದೊಯ್ದು, ಆಪರೇಷನ್ ಮಾಡಿ, ಮೂರನೆಯ ದಿನ ಬೆಳಿಗ್ಗೆ ತಂದುಬಿಡುತ್ತಿದ್ದರು. ಮಧುಶ್ರೀ ಅಪ್ಪನ ಪಂಚೆ, ಲೋಟ, ಹೊದಿಕೆ ಎಲ್ಲ ಚೀಲಕ್ಕೆ ತುಂಬಿದಳು, ತನ್ನದೊಂದು ಚೂಡಿದಾರವನ್ನೂ ಇಟ್ಟಳು. ಚಾಮಯ್ಯ ಚೂಡಿದಾರವನ್ನು ಹೊರಕ್ಕೆ ತೆಗೆದ.

"ನೀ ಬರ್ಬ್ಯಾಡ ಕವ್ವ."

"ಆಪರೇಷನ್ ಅಪ್ಪ. ಜೊತೆಗೆ ಯಾರಾದ್ರೂ ಬೇಡ್ವಾ?"

"ನನ್ ಜೊತೆಗೆ ಡಾಕ್ಟ್ರು ಅವ್ರೆ. ಗೇಜಿನ ಜೊತೆಗೆ ಯಾರವ್ರೆ?" ಎಂದು ಬೇಲಿಯ ಕೀಲಿಯನ್ನೂ ರಿಜಿಸ್ಟರನ್ನೂ ಅವಳ ಮಡಿಲಿಗಿಟ್ಟ. "ನಾಳೆ, ನಾಡಿದ್ದು, ಆಚೆ ನಾಡಿದ್ದು. ಎಂಟೂವರೆ. ಒಂದ್ ದಿನಾನೂ ಖಾಲಿ ಬಿಟ್ಟಿಲ್ಲ ಮಗ, ನೋಡ್ಕ."

ತನಗಿಂತ ಆ ಡಬ್ಬವೇ ಮುಖ್ಯವಾಯಿತಲ್ಲ ಎಂದು ಬೇಸರಿಸಿ ಅವಳು ಚೂಡಿದಾರವನ್ನು ಮಡಚಿಟ್ಟಳು. ಆದರೂ, ಅಪ್ಪ ಹುಟ್ಟಿದಾರಭ್ಯ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಈಗ ಕೇಳಿದ್ದಾನೆ, ಅದೂ ತನ್ನನ್ನು. ಆ ಬೇಸರದೊಳಗೇ ಒಂದಿಷ್ಟು ಹೆಮ್ಮೆಯೂ ಸೇರಿಕೊಂಡಿತು.

ಮೊದಲ ದಿನ ಎಲ್ಲ ಸರಿಹೋಯಿತು. ಎಂಟೂ ಇಪ್ಪತ್ತೈದಕ್ಕೇ ಬೇಲಿಯ ಹತ್ತಿರ ಇದ್ದಳು. ಖಾಲಿ ಬಾಟಲಿ, ಖಾಲಿ ಗ್ಲಾಸು, ಬೆಳಕಿಗೆ ಹಿಡಿದು ನೋಡಿದಳು, ಸೊನ್ನೆ. ಎಂಟೂ ಮೂವತ್ತೈದಕ್ಕೆ ಆಸ್ಪತ್ರೆಯಿಂದ ಫೋನು.

"ಎಷ್ಟು?"

"ಸೊನ್ನೆ ಅಪ್ಪ. ನಿಂಗೆ ಆಪರೇಷನ್ ಎಷ್ಟೊತ್ತಿಗೆ?"

ಕಟ್.

ಆ ದಿನವೆಲ್ಲ ಅವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅಪ್ಪನಿಗೆ ಏನಾಯಿತೋ ತಿಳಿಯಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಸಂಜೆ ಮಹಾದೇವಸ್ವಾಮಿಯ ಗುಂಪಿನಲ್ಲಿ 'ನಮ್ಮ ಹೋಬಳಿಯ ಮಳೆ ಮಾಂತ್ರಿಕ ಚಾಮಯ್ಯನವರಿಗೆ ಯಶಸ್ವಿ ಶಸ್ತ್ರಚಿಕಿತ್ಸೆ, ಸಂಪಾದಕರ ಹಾರೈಕೆ' ಎಂದು ಸಂಪಾದಕರ ದೊಡ್ಡ ಫೋಟೋ ಬಂತು. ಚಾಮಯ್ಯನ ಫೋಟೋ ಇರಲಿಲ್ಲ. ಸುದ್ದಿ ನಿಜವೋ ಸಂಪಾದಕರ ಅಂದಾಜೋ ಅದೂ ಗೊತ್ತಾಗಲಿಲ್ಲ. ಅವಳು ಊಟ ಮಾಡದೆ ಮಲಗಿದಳು.

ಎರಡನೆಯ ದಿನ ಎಚ್ಚರವಾದಾಗ ಎಂಟೂ ಇಪ್ಪತ್ತೆಂಟು. ಓಡಿದರೂ ಐದು ನಿಮಿಷ ತಡ. ಬಾಗಿಲು ತೆಗೆದು ಅಂಗಳ ನೋಡಿದಳು. ಹಿಂದಿನ ಸಂಜೆ ಬಿಟ್ಟ ರಂಗೋಲಿಯ ಒಂದು ಎಳೆಯೂ ಅಳಿಸಿರಲಿಲ್ಲ. ನೆಲ ಬೂದಿಯ ಹಾಗೆ ಒಣಗಿತ್ತು. ಒಂದು ಹನಿಯೂ ಇಲ್ಲ. ಹೋಗಿ ನೋಡುವುದೇನಿದೆ? ರಿಜಿಸ್ಟರು ಮನೆಯಲ್ಲೇ ಇತ್ತು. ಸೊನ್ನೆ ಎಂದು ಬರೆದಳು. ಅಷ್ಟರಲ್ಲಿ ಫೋನು.

"ಎಷ್ಟು?"

"ಸೊನ್ನೆ."

"ನೋಡ್ದಾ?"

"...ನೋಡ್ದೆ."

"ಸರಿ." ಕಟ್.

ಒಂಬತ್ತು ಗಂಟೆಗೆ ಮಹಾದೇವಸ್ವಾಮಿ ಮೊಬೈಲು ಹಿಡಿದುಕೊಂಡು ಸಂದರ್ಶನಕ್ಕೆ ಬಂದ. ಬರುವಾಗಲೇ ಕ್ಯಾಮೆರಾ ಆನ್ ಮಾಡಿಕೊಂಡಿದ್ದ. ಅವನ ಪಂಚೆಯ ಅಂಚು ಕೆಸರಾಗಿತ್ತು.

"ಏನ್ ಮಾಮ, ಕೆಸ್ರು?"

"ಬೆಳ್ಗಿನ್ ಜಾವ ರೋಡ್ ಕಡೆ ಓ ಅಂತ ಹುಯ್ತಲ್ಲವ್ವ. ನನ್ ಅಂಗ್ಡಿ ಷೀಟು ಸೋರಿ ಸಕ್ರೆ ಡಬ್ಬಕ್ಕೇ ನೀರು. ನಿಮ್ ಕೇರಿಗೆ ಬರ್ನಿಲ್ವಾ? ಎತ್ತಿನ ಒಂದ್ ಕೊಂಬು ನೆಂದು ಒಂದ್ ಕೊಂಬು ಒಣಗಿರೋ ಮಳೆ ಬುಡು. ಎಲ್ಲಿ, ಸ್ವಲ್ಪ ಬೆಳ್ಕಿಗೆ ಬಾ, ನಿಮ್ಮಪ್ಪನ ಸಾಧನೆ ಬಗ್ಗೆ ಎರಡ್ ಮಾತು..."

ಎರಡು ಮಾತಿಗೆ ಅವಳು ಅಲ್ಲಿರಲಿಲ್ಲ. ಸಂಪಾದಕರ ಕ್ಯಾಮೆರಾಕ್ಕೆ ಸಿಕ್ಕಿದ್ದು ಓಡುತ್ತಿರುವ ಒಂದು ಬೆನ್ನು ಮಾತ್ರ.

ಕಚೇರಿಯ ಹಿತ್ತಲಲ್ಲಿ ಕಣಗಿಲೆ ಇನ್ನೂ ತೊಟ್ಟಿಕ್ಕುತ್ತಿತ್ತು. ಬೀಗ ತೆಗೆದಳು. ಬಾಟಲಿಯಲ್ಲಿ ನೀರಿತ್ತು. ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಸಮಕ್ಕೆ ತಂದು, ನಡುವಿನ ತಗ್ಗು ನೋಡಿ, ಮೂರು ಸಲ ಓದಿದಳು. ಮೂರು ಪಾಯಿಂಟ್ ಎಂಟು. ಗಂಟೆ ಒಂಬತ್ತೂ ಇಪ್ಪತ್ತು.

ಮೂವತ್ತೊಂದು ವರ್ಷದ ಲೆಕ್ಕದಲ್ಲಿ ಒಂದು ಸುಳ್ಳು ಸೊನ್ನೆ. ಅದು ತನ್ನ ಕೈಬರಹದಲ್ಲಿ.

ತಿದ್ದಿದರೆ ಅಪ್ಪನಿಗೆ ಗೊತ್ತಾಗುತ್ತದೆ. ತಿದ್ದದಿದ್ದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಯಾರು ಓದುತ್ತಾರೆ ಈ ಪುಸ್ತಕವನ್ನು? ಮನೆಗೆ ಬಂದು ಬಹಳ ಹೊತ್ತು ರಿಜಿಸ್ಟರನ್ನು ಮುಂದಿಟ್ಟುಕೊಂಡು ಕೂತಳು. ಕೊನೆಗೆ, ತಪ್ಪಾದಾಗ ಅಪ್ಪ ಹೇಗೆ ತಿದ್ದುತ್ತಾನೆ ನೋಡೋಣ ಎಂದು ಟ್ರಂಕಿನಲ್ಲಿದ್ದ ಹಳೆಯ ರಿಜಿಸ್ಟರುಗಳನ್ನು ಇಳಿಸಿದಳು. ವರ್ಷಗಳು ಹೊರಳಿದವು. ಒಂದು ಗೀಚು ಇಲ್ಲ, ಒಂದು ತಿದ್ದುಪಡಿ ಇಲ್ಲ. ಪುಟದ ಮೇಲೆ ಪುಟ, ಒಂದೇ ಅಳತೆಯ ದುಂಡಗಿನ ಅಂಕಿಗಳು, ಎಲ್ಲದರ ಎದುರಿಗೂ 8.30, 8.30, 8.30.

ಒಂದೇ ಒಂದು ಕಡೆ ಕೆಂಪು ಇಂಕು ಕಂಡಿತು.

ಮಳೆ 14.2. ಎಂಟೂವರೆಯ ಮೇಲೆ ಕೆಂಪು ಗೀಟು ಎಳೆದು ಪಕ್ಕದಲ್ಲಿ ಬರೆದಿತ್ತು. 'ಗಂಟೆ 9.10. ತಡ.' ಕೆಳಗೆ ಸಹಿ. ಕಾರಣ ಎಂಬ ಜಾಗ ಖಾಲಿ. ತಾರೀಕನ್ನು ಅವಳು ನೋಡಬೇಕಾಗಿಯೇ ಇರಲಿಲ್ಲ, ಆದರೂ ನೋಡಿದಳು. ಹತ್ತೊಂಬತ್ತು ವರ್ಷದ ಹಿಂದಿನ ಚಿತ್ತಾ ಮಳೆ. ಅವ್ವ ಹೋದ ದಿನ.

ಆ ಪುಟವನ್ನು ತೆರೆದೇ ಇಟ್ಟುಕೊಂಡು, ಅದನ್ನೇ ಮಾದರಿ ಮಾಡಿಕೊಂಡು, ತನ್ನ ಸೊನ್ನೆಯ ಮೇಲೆ ಕೆಂಪು ಗೀಟು ಎಳೆದಳು. 3.8 ಎಂದು ಬರೆದಳು. 'ಗಂಟೆ 9.20. ತಡ.' ಸಹಿ ಹಾಕಿದಳು. ಅವಳೂ ಕಾರಣ ಬರೆಯಲಿಲ್ಲ.

ಮೂರನೆಯ ದಿನ ಎಂಟೂವರೆಯ ಅಳತೆ ಮುಗಿಸಿ, ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ನಂಜನಗೂಡಿಗೆ ಹೋದಳು. ಹನ್ನೊಂದಕ್ಕೆ ವ್ಯಾನು ಬಂತು. ಕಪ್ಪು ಕನ್ನಡಕದ ಹದಿನಾರು ಜನ ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. ಹದಿನಾರರಲ್ಲಿ ಚಾಮಯ್ಯ ಯಾರ ಭುಜವನ್ನೂ ಹಿಡಿದಿರಲಿಲ್ಲ. ಕೊನೆಯವನಾಗಿ ತಾನೇ ತಡಕಿಕೊಂಡು ಇಳಿದ. ಅವಳು ಓಡಿಹೋಗಿ ಕೈ ಹಿಡಿದಳು. ಕೈ ತೀರ ಹಗುರವಾಗಿತ್ತು.

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರು. ಕಪಿಲೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

"ನೋವೈತಾ ಅಪ್ಪ?"

"ಇಲ್ಲ. ಇವತ್ತು ಎಷ್ಟು?"

"ಒಂದು ಪಾಯಿಂಟ್ ಆರು."

"ನಿನ್ನೆ?"

ಅವಳು ಚೀಲದಿಂದ ರಿಜಿಸ್ಟರನ್ನು ಹೊರತೆಗೆದಳು.

"ಮೂರು ಪಾಯಿಂಟ್ ಎಂಟು."

ಕಪ್ಪು ಕನ್ನಡಕ ಅವಳ ಕಡೆ ತಿರುಗಿತು. "ಸೊನ್ನೆ ಅಂದಿದ್ದೆ."

"ಸುಳ್ಳು ಯೋಳ್ದೆ. ಹೋಗಿರ್ಲಿಲ್ಲ. ಅಂಗಳ ನೋಡಿ ಬರೆದ್ಬಿಟ್ಟೆ. ಆಮೇಲೆ ಹೋದೆ, ಒಂಬತ್ತೂ ಇಪ್ಪತ್ತಕ್ಕೆ. ಕೆಂಪು ಗೀಟು ಹಾಕಿ ತಿದ್ದಿದೀನಿ." ಅವಳ ದನಿ ಹನ್ನೊಂದು ವರ್ಷದವಳದ್ದಾಗಿತ್ತು. "ಬಯ್ಯಪ್ಪ. ಸುಮ್ನೆ ಕೂರ್ಬೇಡ."

ಚಾಮಯ್ಯ ಬಯ್ಯಲಿಲ್ಲ. ರಿಜಿಸ್ಟರಿಗೆ ಕೈ ಚಾಚಿದ. ತೊಡೆಯ ಮೇಲಿಟ್ಟುಕೊಂಡು, ಕಾಣದಿದ್ದರೂ, ಪುಟದ ಮೇಲೆ ಬೆರಳಾಡಿಸಿದ.

"ಕಾರಣ ಬರ್ದಿದ್ದೀಯಾ?"

"ಇಲ್ಲ. ನೀನೂ ಬರ್ದಿರ್ಲಿಲ್ಲ."

ಬೆರಳು ನಿಂತಿತು. ಅವಳು ಯಾವ ಪುಟ ನೋಡಿದ್ದಾಳೆ ಎಂದು ಅವನು ಕೇಳಲಿಲ್ಲ. ಹಾಗೆ ಕೇಳಬೇಕಾದಷ್ಟು ಕೆಂಪು ಗೀಟುಗಳು ಅವನ ಲೆಕ್ಕದಲ್ಲಿ ಇರಲಿಲ್ಲ.

"ಅವತ್ತು ನೀನು ಎಂಟೂ ಇಪ್ಪತ್ತಕ್ಕೇ ಮನೆ ಬಿಟ್ಟಿದ್ದೆ" ಎಂದಳು. "ನಾ ಗಡಿಯಾರ ನೋಡ್ಕಂಡಿದ್ದೆ. ಹತ್ತು ನಿಮಿಷದ ದಾರಿ. ಎಂಟೂವರೆಗೇ ನೀನು ಬೇಲಿಯೊಳಗೆ ಇದ್ದೆ. ಇನ್ನು ನಲವತ್ತು ನಿಮಿಷ ಯಾಕಪ್ಪ ತಡ?"

"ಗೀಟು ಕಾಣ್ತಿರ್ನಿಲ್ಲ."

"ಯಾಕೆ, ಆಗ್ಲೇ ಪೊರೆ ಬಂದಿತ್ತಾ?"

"ಎಂಥ ಪೊರೆ" ಎಂದ ಚಾಮಯ್ಯ, "ಅಳ್ತಿದ್ದೆ ಕವ್ವ."